ಮಾಡಿನ ಮೇಲಿನ ಏರಿಯಲ್ಲಿಗೆ ಇನ್ನೂ ಕೆಲಸವುಂಟು

ಏರಿಯಲ್ಲಿನ ಕಾಲ ಮುಗಿಯಿತೆಂದು ನಂಬಿದವರು ನಮ್ಮಲ್ಲಿ ಬಹುಮಂದಿ. ಹಂಚಿನ ಮಾಡುಗಳ ಮೇಲೆ ಮೀನಿನ ಮುಳ್ಳಿನಂತೆ ನಿಂತಿದ್ದ ಆ ಸಲಾಕಿಗಳು ನಮ್ಮ ಊರುಗಳಿಂದ ಬಹುಮಟ್ಟಿಗೆ ಮಾಯವಾಗಿರುವುದೂ ನಿಜವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯಾದರೋ ಸ್ಥಿತಿ ಬೇರೆ. ಅಲ್ಲಿನ ಪೂರ್ಣಶಕ್ತಿಯ ಪ್ರಸಾರ ಕೇಂದ್ರಗಳು 2009ನೆಯ ಇಸವಿ ಜೂನ್ 12ರ ವೇಳೆಗೆ ಅನಲಾಗ್ ಪದ್ಧತಿಯನ್ನು ಬಿಟ್ಟು ಡಿಜಿಟಲ್ ಪದ್ಧತಿಗೆ ತಿರುಗಿದುವು. ತಿಂಗಳ ಬಾಡಿಗೆಯಿಲ್ಲದೆ ಆಕಾಶಮಾರ್ಗವಾಗಿ ಸೊಗಸಾದ ಚಿತ್ರವನ್ನು ಪಡೆಯುವ ಅವಕಾಶ ಅಲ್ಲಿನವರಿಗೆ, ಅಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಿಗೂ, ಇಂದಿಗೂ ಇದೆ. ಆ ಅವಕಾಶವನ್ನು ಅಂಗಡಿಯವರ ಮಾತು ಹೇಗೆ ಕೆಡಿಸುತ್ತಿದೆಯೆಂಬುದೇ ನಮ್ಮ ಆಕ್ಷೇಪಣೆಯ ವಿಷಯ.

‘ಡಿಜಿಟಲ್ ಏರಿಯಲ್’ ಎಂಬ ಹೆಸರೇ ಮೊದಲನೆಯ ಸುಳ್ಳು. ಏರಿಯಲ್ಲು ಲೋಹದ ಸಲಾಕಿ. ತನ್ನ ಅಳತೆಗೆ ಹೊಂದುವ ಅಲೆಗಳನ್ನು ಅದು ಹಿಡಿಯುತ್ತದೆ. ಆ ಅಲೆಗಳು ಹೊತ್ತು ತಂದುದು ಯಾವ ಪದ್ಧತಿಯ ಚಿತ್ರವೆಂಬುದು ಅದಕ್ಕೆ ತಿಳಿಯದು. 1926ರಲ್ಲಿ ಜಪಾನಿನ ಉಡ ಮತ್ತು ಯಗಿ ಎಂಬ ವಿದ್ವಾಂಸರು ಪ್ರಕಟಿಸಿದ ರಚನೆ ಇಂದಿನ ಡಿಜಿಟಲ್ ಪ್ರಸಾರಕ್ಕೂ ಚೆನ್ನಾಗಿ ಒಪ್ಪುತ್ತದೆ.

ಎರಡನೆಯ ಸುಳ್ಳು ದೂರದ್ದು. ‘ಇನ್ನೂರು ಮೈಲಿಯಿಂದ ಹಿಡಿಯುವುದು’ ಎಂದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಭೂಮಿ ಗುಂಡಾಗಿರುವುದನ್ನು ಮಾರುವವರು ಮರೆತಂತಿದೆ! 300 ಮೀಟರು ಎತ್ತರದ ಗೋಪುರದಿಂದ ಹೊರಟ ಅಲೆಗಳು, ವಾಯುಮಂಡಲದಲ್ಲಿ ತುಸು ಬಾಗುವುದನ್ನು ಸೇರಿಸಿಕೊಂಡರೂ, ಬಯಲಿನಲ್ಲಿ 9 ಮೀಟರು ಎತ್ತರದಲ್ಲಿರುವ ಏರಿಯಲ್ಲಿಗೆ ನೇರವಾಗಿ ಮುಟ್ಟುವುದು ಸುಮಾರು 83 ಕಿಲೋಮೀಟರಿನವರೆಗೆ ಮಾತ್ರ. ಎಂದರೆ ಐವತ್ತು ಮೈಲಿಗೆ ತುಸು ಹೆಚ್ಚು. ಹವೆಯ ವಿಶೇಷದಿಂದ ಒಮ್ಮೊಮ್ಮೆ ಬಹುದೂರದ ಕೇಂದ್ರವೂ ಕಾಣಿಸೀತು. ಅದನ್ನು ನಂಬಿ ಹಣ ತೆರುವುದು ಜಾಣತನವಲ್ಲ.

ಇನ್ನು ಅಳತೆಯ ವಿಚಾರ. ಸಾಧಾರಣವಾದ ಏರಿಯಲ್ಲಿನ ಸಲಾಕಿ ಅಲೆಯ ಅರ್ಧ ಉದ್ದದಷ್ಟಿದ್ದರೆ ಒಳ್ಳೆಯದು. ಯುಎಚ್‌ಎಫ್ ಪಟ್ಟಿಯ 600 ಮೆಗಾಹರ್ಟ್ಸ್ ಅಲೆಗೆ ಇದು 25 ಸೆಂಟಿಮೀಟರು. ವಿಎಚ್‌ಎಫ್ ಪಟ್ಟಿಯ 7ನೆಯ ವಾಹಿನಿಗೆ ಸುಮಾರು 85 ಸೆಂಟಿಮೀಟರು. ಕಿಟಕಿಗೆ ಅಂಟಿಸುವ ಕಾಗದದಂಥ ಸಣ್ಣ ಏರಿಯಲ್ಲು ಮೊದಲನೆಯದಕ್ಕೆ ಸಾಕು, ಎರಡನೆಯದಕ್ಕೆ ಸಾಲದು. ಷಿಕಾಗೋ ನಗರದಲ್ಲಿ ಇದರ ಪಾಠವಾಯಿತು. ಅಲ್ಲಿನ ಒಂದು ಪ್ರಮುಖ ಕೇಂದ್ರ 2009ರ ಜೂನ್‌ನಲ್ಲಿ ತನ್ನ ಡಿಜಿಟಲ್ ಪ್ರಸಾರವನ್ನು 7ನೆಯ ವಾಹಿನಿಗೆ ತಂದಾಗ ಎಷ್ಟೋ ಮನೆಗಳಲ್ಲಿ ಅದು ಕಾಣದೆಹೋಯಿತು. ಕೆಲವೇ ತಿಂಗಳಲ್ಲಿ ಅದು ಯುಎಚ್‌ಎಫ್ ಪಟ್ಟಿಯ 44ರಲ್ಲಿಯೂ ಪ್ರಸಾರವನ್ನು ಆರಂಭಿಸಬೇಕಾಯಿತು. ತೆರೆಯ ಮೇಲೆ ಮೂಡುವ ಸಂಖ್ಯೆಗೂ ನಿಜವಾದ ಅಲೆಗೂ ಸಂಬಂಧವಿರಲೇಬೇಕೆಂದಿಲ್ಲವಾದುದರಿಂದ, ಕೊಳ್ಳುವ ಮೊದಲು ನಿಜವಾದ ವಾಹಿನಿಯಾವುದೆಂದು ವಿಚಾರಿಸಿಕೊಳ್ಳತಕ್ಕದ್ದು.

ಹಳೆಯ ಪದ್ಧತಿಯಲ್ಲಿ ಅಲೆ ಕ್ಷೀಣಿಸಿದರೆ ಚಿತ್ರದ ಮೇಲೆ ಹಿಮ ಸುರಿದಂತಾಗುತ್ತಿತ್ತು. ಆದರೂ ಮುಖ ಗುರುತು ಸಿಕ್ಕುತ್ತಿತ್ತು. ಡಿಜಿಟಲ್ ಪದ್ಧತಿಗೆ ಆ ದಾಕ್ಷಿಣ್ಯವಿಲ್ಲ. ಸಂಕೇತದ ಶಕ್ತಿ ಗದ್ದಲದ ಶಕ್ತಿಯ ಮೂವತ್ತು ಪಟ್ಟಿಗಿಂತ ಕೆಳಗಿಳಿಯಿತೋ, ಚಿತ್ರ ಚೂರುಚೂರಾಗಿ ಇಲ್ಲವಾಗುತ್ತದೆ. ಇಲ್ಲಿಯೇ ಜನರು ವರ್ಧಕ ಯಂತ್ರಕ್ಕೆ ಕೈಚಾಚುವುದು. ವರ್ಧಕವು ಸಂಕೇತವನ್ನು ಹೆಚ್ಚಿಸುವಾಗ ಗದ್ದಲವನ್ನೂ ಹೆಚ್ಚಿಸುತ್ತದೆ, ತನ್ನದಿಷ್ಟನ್ನು ಕೂಡಿಸುತ್ತದೆ. ಗೋಪುರದ ಸಮೀಪದಲ್ಲಿರುವವರ ಮನೆಯಲ್ಲಿ ಅತಿಶಕ್ತಿಯಿಂದ ತಾನೇ ಕಕ್ಕಾಬಿಕ್ಕಿಯಾಗುವುದೂ ಉಂಟು. ಅದಕ್ಕೆ ಸರಿಯಾದ ಸ್ಥಳ ಒಂದೇ: ಉದ್ದನೆಯ ತಂತಿಗೆ ಮೊದಲು, ಏರಿಯಲ್ಲಿನ ಪಕ್ಕದಲ್ಲಿ. ಸಾಮಾನ್ಯ ಕೇಬಲ್ಲಿನಲ್ಲಿ ಮೂವತ್ತು ಮೀಟರು ಸಾಗುವಷ್ಟರಲ್ಲಿ ಯುಎಚ್‌ಎಫ್ ಸಂಕೇತದ ಮೂರರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಎರಡು ಪೆಟ್ಟಿಗೆಗಳಿಗೆ ಹಂಚಿದರೆ ಉಳಿದುದರಲ್ಲಿ ಮತ್ತೆ ಅರ್ಧ. ಕಳೆದುಹೋಗುವ ಮೊದಲೇ ಹೆಚ್ಚಿಸಬೇಕಲ್ಲದೆ, ಕಳೆದ ಮೇಲೆ ಪೆಟ್ಟಿಗೆಯ ಬೆನ್ನಿಗೆ ವರ್ಧಕವನ್ನು ಕಟ್ಟಿ ಫಲವೇನು?

ನಮ್ಮನ್ನು ಕೇಳಿದರೆ, ವರ್ಧಕಕ್ಕೆ ಕೊಡುವ ಹಣವನ್ನು ಎತ್ತರಕ್ಕೆ ಕೊಡಿರಿ ಎನ್ನುತ್ತೇವೆ. ಒಳಕೋಣೆಯಿಂದ ಕಿಟಕಿಗೆ, ಕಿಟಕಿಯಿಂದ ಮಾಡಿಗೆ ಏರಿದಷ್ಟೂ ಲಾಭ. ಗೋಡೆಯ ತಂತಿಬಲೆ, ಲೋಹದ ಲೇಪವಿರುವ ಗಾಜು, ಇವೆಲ್ಲ ಅಲೆಗಳಿಗೆ ಪರದೆಗಳು. ಬಾಡಿಗೆಯವರು ಇದಕ್ಕೆ ಹೆದರಬೇಕಾಗಿಲ್ಲ: ತಮ್ಮ ಸ್ವಂತ ಉಪಯೋಗದ ಮೊಗಸಾಲೆಯಲ್ಲಿ ಏರಿಯಲ್ಲನ್ನು ಇಡುವುದನ್ನು ಮನೆಯೊಡೆಯನು ತಡೆಯಲಾಗದಂತೆ, 1996ರ ಕಾನೂನಿನಿಂದ ಹುಟ್ಟಿದ ನಿಯಮಗಳು ಅಲ್ಲಿವೆ.

ಇದು ಬರಿಯ ಮನೋರಂಜನೆಯ ಪ್ರಶ್ನೆಯೆಂದು ನಾವು ಎಣಿಸುವುದಿಲ್ಲ. ಬಿರುಗಾಳಿ ಎದ್ದು ಕೇಬಲ್ಲೂ ಅಂತರಜಾಲವೂ ಕಡಿದುಹೋದ ರಾತ್ರಿಯಲ್ಲಿ, ಬ್ಯಾಟರಿಯ ಸಣ್ಣ ಪೆಟ್ಟಿಗೆಯೊಂದಿಗೆ ಕುಳಿತ ಮುದುಕರಿಗೆ ಎಚ್ಚರಿಕೆಯ ವಾರ್ತೆ ಮುಟ್ಟುವ ದಾರಿಗಳಲ್ಲಿ ಇದೊಂದು. ತಿಂಗಳ ಶುಲ್ಕವನ್ನು ತೆರಲಾರದ ಸಂಸಾರಕ್ಕೆ ಇದೇ ಸಮಾಚಾರದ ಬಾಗಿಲು. ಅಂಥವರಿಗೆ ಸುಳ್ಳು ಮೈಲಿಗಳನ್ನು ಮಾರುವುದು ಅನ್ಯಾಯ. ಡಬ್ಬಿಯ ಮೇಲೆ ಯಾವ ಪಟ್ಟಿಗೆ ಎಷ್ಟು ಗ್ರಹಣಶಕ್ತಿಯೆಂಬುದನ್ನು ಅಚ್ಚುಮಾಡಲೇಬೇಕೆಂದು ಸರಕಾರ ವಿಧಿಸಬೇಕು. ಪೆಟ್ಟಿಗೆಯನ್ನು ತಯಾರಿಸುವವರೂ ಸಂಕೇತದ ಅಳತೆಯನ್ನು ಆಯ್ಕೆಗಳ ಅಡವಿಯಲ್ಲಿ ಬಚ್ಚಿಡದೆ ಒಂದೇ ಗುಂಡಿಗೆ ತೋರಿಸಲಿ. ಏರಿಯಲ್ಲನ್ನು ಅರ್ಧ ಮೀಟರು ಆಚೀಚೆ ಸರಿಸಿ ಉತ್ತಮ ಸ್ಥಾನವನ್ನು ಯಾರಾದರೂ ಹುಡುಕಿಕೊಳ್ಳಬಲ್ಲರು.

ಮಾಡಿನ ಮೇಲೆ ಹತ್ತುವವರು ವಿದ್ಯುತ್ತಿನ ತಂತಿಗಳಿಂದ ದೂರವಿರಬೇಕು, ಕಂಬಕ್ಕೆ ತಪ್ಪದೆ ಭೂಸಂಪರ್ಕ ಕೊಡಿಸಬೇಕು. ಕೆಳಗಿಳಿದ ಮೇಲೆ ಪೆಟ್ಟಿಗೆಯಲ್ಲಿ ವಾಹಿನಿಗಳನ್ನು ಹೊಸದಾಗಿ ಹುಡುಕಿಸಬೇಕು. ಹಾಗೆ ಮಾಡದಿದ್ದರೆ ಹೊಸದಾಗಿ ಸಿಕ್ಕಿದ ಕೇಂದ್ರಗಳು ಪಟ್ಟಿಗೆ ಸೇರುವುದೇ ಇಲ್ಲ.