ಒಂದೇ ವಿಚಾರಣೆ, ಒಬ್ಬರೇ ನ್ಯಾಯಾಧೀಶರು

ಹಳಿಯಾಳದವರಿಗೆ ಜಿಲ್ಲಾ ಕೇಂದ್ರಕ್ಕಿಂತ ಹೈಕೋರ್ಟೇ ಹತ್ತಿರ. ಕಾರವಾರಕ್ಕೆ ಹೋಗಬೇಕಾದರೆ ದಾಂಡೇಲಿ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿಯಬೇಕು, ಇಲ್ಲವೇ ಯಲ್ಲಾಪುರದ ಮೇಲೆ ಸುತ್ತಬೇಕು. ಧಾರವಾಡಕ್ಕಾದರೆ ಬೆಳಗಿನ ಬಸ್ಸು ಹತ್ತಿ ಕಲಾಪ ಶುರುವಾಗುವ ಹೊತ್ತಿಗೆ ಮುಟ್ಟಬಹುದು. 2008ರ ಜುಲೈನಲ್ಲಿ ಅಲ್ಲಿ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅದು ಕಾಯಂ ಆಯಿತು. ಉತ್ತರ ಕನ್ನಡದ ಮೇಲ್ಮನವಿಗಳು ಬೆಂಗಳೂರಿಗೆ ಅಲೆಯುವುದು ತಪ್ಪಿತು. ಆದರೆ ಕೆಲಸದಲ್ಲಿ ಕೈ ಹೋದವರಿಗೆ, ದುಡಿಯಲು ಹೋದ ಗಂಡ ಹೆಣವಾಗಿ ಬಂದ ಹೆಂಗಸಿಗೆ, ಇಷ್ಟು ಹತ್ತಿರದ ಹೈಕೋರ್ಟಿನಲ್ಲಿ ಎಲ್ಲವನ್ನೂ ಮತ್ತೆ ಹೇಳಿಕೊಳ್ಳುವ ಅವಕಾಶವಿಲ್ಲ. ಅವರ ಎದುರಾಳಿಯಾದ ಮಾಲೀಕನಿಗೂ ವಿಮಾ ಕಂಪನಿಗೂ ಇಲ್ಲ. ಕಾನೂನು ಬೇಕೆಂದೇ ಹಾಗೆ ಮಾಡಿದೆ. ಇದು ನ್ಯಾಯವೇ ಎಂಬ ಪ್ರಶ್ನೆಗೆ ಎರಡೂ ಕಡೆ ಗಟ್ಟಿ ಉತ್ತರಗಳಿವೆ.

ಯಾರ ಮಾತು ಇದು ಎಂಬುದನ್ನು ಮೊದಲು ಹೇಳಬೇಕು. ದಾಂಡೇಲಿಯ ಕಾರ್ಖಾನೆಗಳಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡು ಇರುವವರ ದಾರಿ ಬೇರೆ. ಊರಲ್ಲೇ ಇಎಸ್‌ಐ ಆಸ್ಪತ್ರೆ ಇದೆ, ಗಾಯವಾದರೆ ನಿಗಮದಿಂದ ಭತ್ಯೆ ಬರುತ್ತದೆ. 1948ರ ಇಎಸ್‌ಐ ಕಾಯ್ದೆಯ 53ನೇ ಕಲಂ ಪ್ರಕಾರ ಅವರು ಮಾಲೀಕನ ಮೇಲೆ ಬೇರೆ ಪರಿಹಾರ ಕೇಳುವಂತಿರಲಿಲ್ಲ. ನಾನು ಹೇಳುತ್ತಿರುವುದು ಆ ಕಾರ್ಡು ಇಲ್ಲದವರ ವಿಷಯ. ಹಳಿಯಾಳದ ಗದ್ದೆಗಳಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು, ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು, ನಾಟಾ ಡಿಪೋದ ಹಮಾಲರು, ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬೇಸಿಗೆಗೆ ಮಾತ್ರ ನೇಮಿಸಿಕೊಳ್ಳುವ ಬೆಂಕಿ ಕಾವಲುಗಾರರು, ಗಣೇಶಗುಡಿಯಲ್ಲಿ ಪ್ರವಾಸಿಗರ ರಾಫ್ಟು ನಡೆಸುವ ಹುಡುಗರು, ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುವವರು. ಇಂಥವರಿಗಾಗಿ 2025ರ ನವೆಂಬರ್‌ವರೆಗೆ ಇದ್ದದ್ದು 1923ರ ಪರಿಹಾರ ಕಾಯ್ದೆ. ಮರ ಕಡಿಯುವುದು, ಕಾಡ್ಗಿಚ್ಚು ಆರಿಸುವುದು, ಆನೆ ಹಿಡಿಯುವುದು ಕೂಡ ಅದರ ಎರಡನೆಯ ಅನುಸೂಚಿಯಲ್ಲಿ ಹೆಸರಿಸಿದ ಕೆಲಸಗಳು.

ಈ ಕಾಯ್ದೆಯ ಲೆಕ್ಕ ಸರಳವಾಗಿತ್ತು. ಕೆಲಸಗಾರ ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕಿತ್ತು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2020ರ ಜನವರಿಯಿಂದ 15,000 ರೂಪಾಯಿ ಇತ್ತು. ಮೂವತ್ತು ವರ್ಷದವನ ಗುಣಕ 207.98. ಹಾಗಾಗಿ ತಿಂಗಳಿಗೆ 15,000 ದುಡಿಯುತ್ತಿದ್ದ ಎಂದು ಸಾಬೀತಾದರೆ ಅವನ ಮನೆಗೆ 15,59,850 ರೂಪಾಯಿ. ಅವನ ಕೂಲಿ 9,000 ಎಂದು ತೀರ್ಮಾನವಾದರೆ 9,35,910. ಆರು ಲಕ್ಷಕ್ಕೂ ಮಿಕ್ಕಿದ ಈ ಅಂತರ ನಿಂತಿರುವುದು ಹಾಜರಿ ಪುಸ್ತಕವೂ ಇಲ್ಲದ, ಸಂಬಳದ ಚೀಟಿಯೂ ಇಲ್ಲದ ಕೆಲಸದಲ್ಲಿ ಯಾರ ಬಾಯಿಮಾತನ್ನು ನಂಬಬೇಕು ಎಂಬುದರ ಮೇಲೆ. ಅವನು ಆ ದಿನ ಕೆಲಸದ ಮೇಲಿದ್ದನೇ, ಅವನನ್ನು ಕರೆದದ್ದು ಗ್ಯಾಂಗಿನ ಮುಕಾದಮನೋ ಗದ್ದೆಯ ಯಜಮಾನನೋ, ಬದುಕುಳಿದಿದ್ದರೆ ಅಂಗವೈಕಲ್ಯ ಶೇಕಡಾ ಎಷ್ಟು? ಇವೆಲ್ಲವೂ ಸಂಗತಿಯ ಪ್ರಶ್ನೆಗಳು. ಇವನ್ನು ತೀರ್ಮಾನಿಸುವವರು ಒಬ್ಬರೇ: ಪರಿಹಾರ ಆಯುಕ್ತರ ಪೀಠದಲ್ಲಿ ಕೂತ ವ್ಯಕ್ತಿ.

ಏಕೆಂದರೆ ಆ ಕಾಯ್ದೆಯ 30ನೇ ಕಲಂ ಪ್ರಕಾರ ಹೈಕೋರ್ಟಿಗೆ ಹೋಗಲು ಕಾನೂನಿನ ಮಹತ್ವದ ಪ್ರಶ್ನೆ ಇರಲೇಬೇಕಿತ್ತು. ಅವಧಿ 60 ದಿನ. ಮೊದಲು 300 ರೂಪಾಯಿ ಇದ್ದ ಮೊತ್ತದ ಕನಿಷ್ಠ ಮಿತಿ 2017ರಲ್ಲಿ 10,000 ಆಯಿತು. ಮೇಲ್ಮನವಿ ಹಾಕುವ ಮಾಲೀಕ ಪರಿಹಾರದ ಪೂರ್ತಿ ಹಣವನ್ನು ಆಯುಕ್ತರಲ್ಲಿ ಠೇವಣಿ ಇಟ್ಟು, ಅದರ ಪ್ರಮಾಣಪತ್ರ ಲಗತ್ತಿಸಬೇಕಿತ್ತು. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳು ಇದನ್ನು ಇನ್ನಷ್ಟು ಬಿಗಿ ಮಾಡಿವೆ. 2016ರ ಗೊಲ್ಲ ರಾಜಣ್ಣ ಪ್ರಕರಣದಲ್ಲಿ, ಸಾಕ್ಷ್ಯವನ್ನು ಹೈಕೋರ್ಟ್ ಮತ್ತೆ ತೂಗಿದ್ದೇ ತಪ್ಪು, ಸಂಗತಿಯ ವಿಷಯದಲ್ಲಿ ಆಯುಕ್ತರದೇ ಕೊನೆಯ ಮಾತು ಎಂದು ತೀರ್ಪಾಯಿತು. ಎರಡು ವರ್ಷದ ನಂತರ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ ವಯಸ್ಸು, ಕೂಲಿ, ಅವಲಂಬಿತರು, ಅಂಗವೈಕಲ್ಯದ ಪ್ರಮಾಣ ಎಲ್ಲವೂ ಸಂಗತಿಯ ಪ್ರಶ್ನೆಗಳೇ ಎಂದು ಸುಪ್ರೀಂ ಕೋರ್ಟ್ ಪಟ್ಟಿ ಮಾಡಿ ಹೇಳಿತು.

ಕೆಲಸಗಾರರ ಪರ ನಿಂತವರು ಇದನ್ನು ಸಮರ್ಥಿಸುವುದರಲ್ಲಿ ಆಳವಾದ ಕಾರಣವಿದೆ. ಅನ್ನ ಸಂಪಾದಿಸುವ ಕೈ ನಿಂತುಹೋದ ಮನೆಗೆ ಹಣ ಬೇಕಾಗುವುದು ಆ ವರ್ಷವೇ. ಮಕ್ಕಳು ಶಾಲೆ ಬಿಟ್ಟ ಮೇಲೆ ಬಂದರೆ ಅದರಿಂದ ಸಾಲ ತೀರುತ್ತದೆ, ಅಷ್ಟೆ. ಅರ್ಜಿಯನ್ನು ಮೂರು ತಿಂಗಳಲ್ಲಿ ಮುಗಿಸಬೇಕೆಂದು 2009ರ ತಿದ್ದುಪಡಿ ಹೇಳಿದ್ದೂ ಈ ಕಾರಣಕ್ಕೇ. ವಿಮಾ ಕಂಪನಿಗೆ ಪ್ಯಾನೆಲ್ ವಕೀಲರಿದ್ದಾರೆ, ಹೈಕೋರ್ಟಿನಲ್ಲಿ ಒಂದು ಮೇಲ್ಮನವಿ (ಎಂಎಫ್‌ಎ) ಹಾಕುವುದು ಅದಕ್ಕೆ ದಿನನಿತ್ಯದ ಕೆಲಸ. ಜೋಯಿಡಾದ ಹಳ್ಳಿಯ ವಿಧವೆಗೆ ಪ್ರತಿ ವಾಯಿದೆಯೂ ಒಂದು ದಿನದ ಕೂಲಿ. ಉದ್ದದ ವ್ಯಾಜ್ಯ ಏನು ಮಾಡುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಪ್ರಕರಣ ನೋಡಬೇಕು. 2003ರ ಏಪ್ರಿಲ್‌ನಲ್ಲಿ ರಾತ್ರಿ ಪಾಳಿಗೆ ಹೋಗುವಾಗ ಆತ ಅಪಘಾತದಲ್ಲಿ ಸತ್ತ. ಆಯುಕ್ತರು ಪರಿಹಾರ ಕೊಟ್ಟರು, ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಮತ್ತೆ ಎತ್ತಿ ಹಿಡಿದದ್ದು 2025ರ ಜುಲೈನಲ್ಲಿ. ಕೆಲಸಕ್ಕೆ ಹೋಗುವ ದಾರಿಯೂ ಸಂದರ್ಭ ನೋಡಿ ಕೆಲಸದ ಭಾಗವೇ ಎಂಬ ಒಳ್ಳೆಯ ನಿಯಮ ಅದರಿಂದ ಹುಟ್ಟಿತು, ನಿಜ. ಆ ಮನೆಯವರು ಇಪ್ಪತ್ತೆರಡು ವರ್ಷ ಕಾದರು ಎಂಬುದೂ ಅಷ್ಟೇ ನಿಜ.

ಇನ್ನೊಂದು ಕಡೆಯ ವಾದವನ್ನು ದೊಡ್ಡ ಕಂಪನಿಗಳ ಕೂಗು ಎಂದು ತಳ್ಳಿಹಾಕುವುದು ಸುಲಭ, ಆದರೆ ನಮ್ಮ ಈ ತಾಲ್ಲೂಕುಗಳಲ್ಲಿ ಮಾಲೀಕ ಎನ್ನುವವನು ಬಹಳ ಸಲ ಸಣ್ಣವನೇ. ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡವನು, ಎರಡು ಕೋಣೆಯ ಹೋಂಸ್ಟೇ ಕಟ್ಟಿಸುತ್ತಿರುವವನು, ಹತ್ತು ಜನರ ಗ್ಯಾಂಗು ಕಟ್ಟಿದ ಮುಕಾದಮ. ಅವನ ಮೇಲೆ ಹದಿನೈದು ಲಕ್ಷದ ಆದೇಶ ಬಂದರೆ, ಆ ಆದೇಶ ತಪ್ಪು ಎಂದು ಹೇಳಲು ಕೂಡ ಮೊದಲು ಹದಿನೈದು ಲಕ್ಷ ಹೊಂದಿಸಬೇಕು. ವಿಮೆ ಇಲ್ಲದವನಿಗೆ ಮೇಲ್ಮನವಿಯ ಹಕ್ಕು ಕಾಗದದ ಮೇಲೆ ಮಾತ್ರ. ವಿಮಾ ಕಂಪನಿಗಳಿಗೂ ಒಂದು ನಿಜವಾದ ತೊಂದರೆಯಿದೆ: ವಾಹನದ ಮಾಲೀಕನೇ ಕೋರ್ಟಿಗೆ ಬಂದು ಗಾಯಾಳು ತನ್ನ ಕ್ಲೀನರ್ ಎಂದು ಒಪ್ಪಿಕೊಂಡರೆ, ಚಿಕಿತ್ಸೆ ಮಾಡದ ವೈದ್ಯರೊಬ್ಬರು ಶೇಕಡಾ 40 ಎಂದು ಬರೆದುಕೊಟ್ಟರೆ, ಪಾಟಿ ಸವಾಲಿನಲ್ಲಿ ಅದನ್ನು ಒಡೆಯಲಾಗದಿದ್ದರೆ, ಮುಂದೆ ಹೇಳಿಕೊಳ್ಳಲು ಜಾಗವಿಲ್ಲ. ಇದೇ ಗೋಡೆ ಕೆಲಸಗಾರನಿಗೂ ಅಡ್ಡ ನಿಲ್ಲುತ್ತದೆ ಎಂಬುದನ್ನು ಕಾರ್ಮಿಕಪರರು ಕಡಿಮೆ ಹೇಳುತ್ತಾರೆ. 'ಇವನು ಕೆಲಸಗಾರನೇ ಅಲ್ಲ' ಎಂದು ಆಯುಕ್ತರು ಅರ್ಜಿ ವಜಾ ಮಾಡಿದರೆ, ಕಬ್ಬಿನ ಗ್ಯಾಂಗಿನ ಹೆಣ್ಣುಮಗಳಿಗೂ ಧಾರವಾಡದಲ್ಲಿ ಕಾನೂನಿನ ಪ್ರಶ್ನೆಯನ್ನೇ ಹುಡುಕಬೇಕಾಗುತ್ತದೆ.

ಪಕ್ಷಪಾತದ ಆರೋಪ ಹುಟ್ಟುವುದು ಇಲ್ಲಿ. ಸಾಕ್ಷ್ಯ ತಪ್ಪಾಗಿ ತೂಗಿದರು ಎನ್ನುವುದು ಸಂಗತಿಯ ವಿಷಯ, ಹೈಕೋರ್ಟ್ ಕೇಳುವುದಿಲ್ಲ. ತೂಗಿದವರೇ ಒಂದು ಕಡೆ ವಾಲಿದ್ದರು ಎಂದರೆ ಅದು ಸಹಜ ನ್ಯಾಯದ ಉಲ್ಲಂಘನೆ, ಕಾನೂನಿನ ಪ್ರಶ್ನೆ, ಅದನ್ನು ಕೇಳಲೇಬೇಕು. ಹೀಗಾಗಿ ಸೋತವರಿಗೆ ಈ ಆರೋಪ ಹೊರಿಸುವ ಆಸೆ ಹುಟ್ಟುತ್ತದೆ. ಹುಸಿ ಆರೋಪ ನ್ಯಾಯಾಧೀಶರ ಹೆಸರಿಗೆ ಮಸಿ ಬಳಿಯುತ್ತದೆ, ಪ್ರಕರಣವನ್ನೂ ತಿಂಗಳುಗಟ್ಟಲೆ ನಿಲ್ಲಿಸುತ್ತದೆ. ಆದರೆ ಸಣ್ಣ ಊರಿನಲ್ಲಿ ನಿಜವಾದ ಅನುಮಾನಕ್ಕೂ ಆಸ್ಪದವಿದೆ. ಬೆರಳೆಣಿಕೆಯ ವಕೀಲರು, ಎಲ್ಲರಿಗೂ ಗೊತ್ತಿರುವ ಗುತ್ತಿಗೆದಾರರು. ಐದು ವರ್ಷ ವಕೀಲಿಕೆ ಮಾಡಿದವರನ್ನೂ ಆಯುಕ್ತರಾಗಿ ನೇಮಿಸಬಹುದು ಎಂದಿತ್ತು 2009ರ ತಿದ್ದುಪಡಿ. ಹಿಂದೆ ಒಂದು ಕಂಪನಿಯ ಪರ ನಿಂತವರು ನಾಳೆ ಅದೇ ಕಂಪನಿಯ ಪ್ರಕರಣ ಕೇಳುವ ಸಂದರ್ಭ ಬರಬಹುದು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ 1957ರ ಮಾಣಕ್ ಲಾಲ್ ತೀರ್ಪು ಇಂದಿಗೂ ಆಧಾರ. ವಕೀಲರೊಬ್ಬರ ಮೇಲಿನ ದೂರನ್ನು ವಿಚಾರಿಸಿದ ಮಂಡಳಿಯ ಅಧ್ಯಕ್ಷರು ಹಿಂದೊಮ್ಮೆ ದೂರುದಾರನ ಪರ ವಾದಿಸಿದ್ದರು. ಹಾಗಿದ್ದಾಗ ಅವರು ಆ ಪೀಠದಲ್ಲಿ ಕೂರಬಾರದಿತ್ತು, ನಿಜಕ್ಕೂ ವಾಲಿದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದಿತು ಕೋರ್ಟು. ಆದರೂ ಆ ವಕೀಲರಿಗೆ ಪರಿಹಾರ ಸಿಗಲಿಲ್ಲ. ವಿಷಯ ಗೊತ್ತಿದ್ದೂ ಮೊದಲೇ ತಕರಾರು ಎತ್ತದೆ, ವರದಿ ತನ್ನ ವಿರುದ್ಧ ಬಂದ ಮೇಲೆ ಎತ್ತಿದ್ದರಿಂದ ಆ ಹಕ್ಕನ್ನು ಬಿಟ್ಟುಕೊಟ್ಟಂತಾಯಿತು. ನನ್ನ ಮಟ್ಟಿಗೆ ಇದು ಎರಡೂ ಕಡೆಗೆ ಸಮನಾದ ನಿಯಮ: ಅನುಮಾನವಿದ್ದರೆ ಮೊದಲ ದಿನವೇ ಹೇಳು, ತೀರ್ಪು ನೋಡಿ ಹೇಳಬೇಡ. ಇದರಿಂದ ತೊಂದರೆಯಾಗುವುದು ವಕೀಲರಿಲ್ಲದವರಿಗೆ. ಮೊದಲ ದಿನ ಹೇಳಬೇಕು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಅಂಥವರ ತಡವನ್ನು ಕೋರ್ಟುಗಳು ಉದಾರವಾಗಿ ನೋಡಬೇಕು, ವಿಮಾ ಕಂಪನಿಯ ತಡವನ್ನು ನೋಡಬೇಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಸರ್ಕಾರವೇ ಮಾಲೀಕನಾಗುವ ಪ್ರಸಂಗ. ಜೋಯಿಡಾದ ಕಾಡಿನಲ್ಲಿ ಬೆಂಕಿ ಆರಿಸುವಾಗ ದಿನಗೂಲಿಯೊಬ್ಬ ಸುಟ್ಟುಕೊಂಡರೆ ಎದುರುಕಕ್ಷಿ ಅರಣ್ಯ ಇಲಾಖೆ. ನಮ್ಮ ರಾಜ್ಯದಲ್ಲಿ ಬಹುಕಾಲ ಕಾರ್ಮಿಕ ಅಧಿಕಾರಿಗಳೇ ಪರಿಹಾರ ಆಯುಕ್ತರಾಗಿದ್ದರು. ಆಮೇಲೆ ಆ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಬಂತು. ಹಳೆಯ ಪದ್ಧತಿಯಲ್ಲಿ ಖಾಸಗಿ ಮಾಲೀಕರು 'ಅಧಿಕಾರಿ ಕೂಲಿಗಳ ಕಡೆಯವರು' ಎನ್ನಬಹುದಿತ್ತು, ಸರ್ಕಾರಿ ದಿನಗೂಲಿಗಳು 'ಅವರು ಸರ್ಕಾರದವರೇ' ಎನ್ನಬಹುದಿತ್ತು. ಜೊತೆಗೆ 1923ರ ಕಾಯ್ದೆಯ 21ನೇ ಕಲಂ ಪ್ರಕರಣವನ್ನು ಒಬ್ಬ ಆಯುಕ್ತರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ಅಧಿಕಾರವನ್ನು ಕೊಟ್ಟಿದ್ದು ರಾಜ್ಯ ಸರ್ಕಾರಕ್ಕೆ. ಎದುರುಕಕ್ಷಿಯ ಬಳಿಯೇ ಹೋಗಿ 'ಬೇರೆ ನ್ಯಾಯಾಧೀಶರನ್ನು ಕೊಡಿ' ಎಂದು ಕೇಳುವ ಸ್ಥಿತಿ ಅದು. ಸಂವಿಧಾನದ 226, 227ನೇ ವಿಧಿಗಳ ಅಡಿ ಹೈಕೋರ್ಟಿಗೆ ಹೋಗಬಹುದು, ಆದರೆ ಅದಕ್ಕೂ ವಕೀಲರು ಬೇಕು, ಹಣ ಬೇಕು.

ಕಾರ್ಮಿಕ ಅಧಿಕಾರಿಯ ಪದ್ಧತಿಗೆ ಗುಣಗಳೂ ಇದ್ದವು. ಕಾರ್ಖಾನೆ, ಡಿಪೋ, ಕೂಲಿಯ ದರ ಅವರಿಗೆ ಕಣ್ಣಾರೆ ಗೊತ್ತು; ಅವರ ಕಚೇರಿಗೆ ಹೋಗಲು ಜನ ಕೋರ್ಟಿಗಷ್ಟು ಹೆದರುತ್ತಿರಲಿಲ್ಲ. ಸಿವಿಲ್ ನ್ಯಾಯಾಧೀಶರ ಮುಂದೆ ಜಮೀನು, ಪಾಲು, ಚೆಕ್ಕಿನ ಪ್ರಕರಣಗಳ ರಾಶಿಯ ನಡುವೆ ಇದೂ ಒಂದಾಗುತ್ತದೆ. ಇಷ್ಟಾದರೂ ನನ್ನ ಒಲವು ನ್ಯಾಯಾಧೀಶರ ಕಡೆಗೇ. ಸಂಗತಿಯ ಮೇಲೆ ಒಬ್ಬರದೇ ಕೊನೆಯ ಮಾತು ಎಂದಾದರೆ, ಆ ಒಬ್ಬರು ಯಾವ ಇಲಾಖೆಗೂ ಸೇರದವರಾಗಿರಬೇಕು, ಸಾಕ್ಷ್ಯ ತೂಗುವ ತರಬೇತಿ ಪಡೆದವರಾಗಿರಬೇಕು. ಕಿರಿದಾದ ಮೇಲ್ಮನವಿಯನ್ನು ನಾನು ಒಪ್ಪುವುದು ಈ ಷರತ್ತಿನ ಮೇಲೆ ಮಾತ್ರ.

ಇದು ಹಳೆಯ ಚರ್ಚೆಯಲ್ಲ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿ 1923ರ ಕಾಯ್ದೆಯ ಜಾಗಕ್ಕೆ ಬಂದಿದೆ. ಆಯುಕ್ತರ ಬದಲು 'ಸಕ್ಷಮ ಪ್ರಾಧಿಕಾರ' ಎಂಬ ಹೆಸರು. ಕಾನೂನಿನ ಪ್ರಶ್ನೆ, ಮಾಲೀಕನ ಠೇವಣಿ ಎಂಬ ಮೇಲ್ಮನವಿಯ ಷರತ್ತುಗಳು ಹಾಗೇ ಉಳಿದಿವೆ. ಆ ಪ್ರಾಧಿಕಾರದಲ್ಲಿ ಯಾರು ಕೂರಬೇಕು ಎಂಬುದು ಸರ್ಕಾರದ ಕೈಯಲ್ಲಿದೆ. ಕರ್ನಾಟಕ ಅಲ್ಲಿ ನ್ಯಾಯಾಂಗದವರನ್ನೇ ಉಳಿಸಿಕೊಳ್ಳಬೇಕು. ಪಕ್ಷಪಾತದ ತಕರಾರು ಬಂದರೆ ಅದನ್ನು ಮೊದಲೇ, ಕೆಲವೇ ವಾರಗಳಲ್ಲಿ, ಕಾರಣ ಬರೆದು ಇತ್ಯರ್ಥ ಮಾಡಬೇಕು. ಸರ್ಕಾರ ಕಕ್ಷಿಯಾಗಿರುವ ಪ್ರಕರಣದ ವರ್ಗಾವಣೆಯನ್ನು ಹೈಕೋರ್ಟಿಗೆ ಬಿಡಬೇಕು. ಠೇವಣಿ ಮಾತ್ರ ಮನೆಯವರಿಂದ ದೂರ ಉಳಿಯಕೂಡದು. ಮೇಲ್ಮನವಿ ಮುಗಿಯುವ ತನಕ ಠೇವಣಿ ತಡೆಹಿಡಿಯಲು ಅವಕಾಶವಿದ್ದ ಹಳೆಯ ಕಾಯ್ದೆಯ 30ಎ ಕಲಮನ್ನು ಸಂಸತ್ತು 2017ರಲ್ಲೇ ತೆಗೆದುಹಾಕಿತು. ಪಕ್ಷಪಾತದ ಅರ್ಜಿಯ ನೆಪದಲ್ಲಿ ಅದು ಮರಳಿ ಬರಬಾರದು.

ಈ ತಾಲ್ಲೂಕುಗಳ ಓದುಗರಿಗೆ ಒಂದು ಮಾತು. ನಿಮ್ಮ ಕೇರಿಯಲ್ಲಿ, ಗೌಳಿವಾಡದಲ್ಲಿ, ಕೆಲಸದ ಮೇಲೆ ಗಾಯಗೊಂಡವರಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅವರ ಜೊತೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಸಿದ್ದಿಗಳೂ ಸೇರಿ ಪರಿಶಿಷ್ಟ ಪಂಗಡದವರಿಗೆ, ಪರಿಶಿಷ್ಟ ಜಾತಿಯವರಿಗೆ ಉಚಿತವಾಗಿ ವಕೀಲರನ್ನು ಕೊಡಲೇಬೇಕು. ವಿಚಾರಣೆ ಒಂದೇ ಸಲ ನಡೆಯುವುದರಿಂದ, ವಕೀಲರು ಬೇಕಾಗುವುದು ಮೊದಲ ವಾಯಿದೆಗೆ.