ತಾಯಿಗೆ ತೋರಿಸಿದ ಚದುರಂಗ

ಪರ್ಷಿಯಾದ ಕಿರುಚಿತ್ರಗಳಲ್ಲಿ ರಾಜ, ಮಂತ್ರಿ, ದೂತರೆಲ್ಲ ಎದುರಿನಿಂದಲೋ ಪಕ್ಕದಿಂದಲೋ ಕಂಡಂತೆ ಕುಳಿತಿರುತ್ತಾರೆ. ಚದುರಂಗದ ಹಲಗೆ ಮಾತ್ರ ಸಾಮಾನ್ಯವಾಗಿ ಮೇಲಿನಿಂದ ನೋಡಿದ ಹಾಗೆ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಇದು ಚಿತ್ರಕಾರನ ಅಜ್ಞಾನವಲ್ಲ. ಮನೆಗಳೇ ಕಾಣದಿದ್ದರೆ ಆಟ ತಿಳಿಯುವುದೆಂತು?

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಫಿರ್ದೌಸಿಯ ‘ಶಾಹ್‌ನಾಮಾ’ದ ಒಂದು ಹಾಳೆ ಇದೆ, ಕಾಲ ಸುಮಾರು 1300-30. ಹಿಂದ್ ದೇಶದ ರಾಜ ನೌಶೀರ್ವಾನನ ಆಸ್ಥಾನಕ್ಕೆ ಹಲಗೆ, ಕಾಯಿಗಳನ್ನು ಕಳಿಸಿದ್ದಾನೆ. ಆಡುವ ಬಗೆಯನ್ನು ನೀವೇ ಕಂಡುಹಿಡಿದರೆ ಕಪ್ಪ ನಾವು ಕೊಡುತ್ತೇವೆ, ಇಲ್ಲವಾದರೆ ನೀವು ಕೊಡಿ ಎಂಬ ಸವಾಲು. ಮಂತ್ರಿ ಬುಜುರ್ಗ್‌ಮೆಹ್ರ್ ಒಂದು ಹಗಲು, ಒಂದು ರಾತ್ರಿ ಕೂತು ಒಗಟು ಬಿಡಿಸುತ್ತಾನೆ. ಅವನು ಮರುಸವಾಲಾಗಿ ಕಳಿಸಿದ ‘ನರ್ದ್’ ಎಂಬ ದಾಳದಾಟ ಮಾತ್ರ ಇಲ್ಲಿನ ಪಂಡಿತರಿಗೆ ಬಗೆಹರಿಯುವುದಿಲ್ಲ. ಕಥೆ ಹೇಳಿದವರು ಇರಾನಿನವರಲ್ಲವೆ, ಗೆಲುವೂ ಅವರದೇ! ಆದರೆ ಆಟ ಎಲ್ಲಿಂದ ಬಂತೆಂಬುದನ್ನು ಅವರು ಮರೆಮಾಚಲಿಲ್ಲ. ನಮ್ಮ ಚತುರಂಗವೇ ಅಲ್ಲಿ ‘ಚತ್ರಂಗ್’ ಆಗಿ, ಅರಬ್ಬರ ಬಾಯಲ್ಲಿ ‘ಶತ್ರಂಜ್’ ಆಯಿತು.

ಆಟ ಹುಟ್ಟಿದ್ದೇಕೆ ಎಂಬುದಕ್ಕೂ 1010ರಲ್ಲಿ ಮುಗಿದ ಆ ಕಾವ್ಯದಲ್ಲಿ ಒಂದು ಕಥೆ ಉಂಟು. ಆಸ್ಥಾನದ ಸವಾಲಿಗಿಂತ ಮನಸ್ಸನ್ನು ಹಿಡಿಯುವುದು ಇದೇ. ಗವ್ ಮತ್ತು ತಲ್‌ಹಂದ್ ಒಂದೇ ತಾಯಿಯ, ಬೇರೆ ಬೇರೆ ತಂದೆಯರ ಮಕ್ಕಳು. ಹಿಂದ್‌ನ ಸಿಂಹಾಸನಕ್ಕಾಗಿ ಇಬ್ಬರೂ ಕಾದುತ್ತಾರೆ. ತಮ್ಮ ತಲ್‌ಹಂದ್ ಆನೆಯ ಮೇಲೆ ಕೂತಲ್ಲೇ ಸಾಯುತ್ತಾನೆ; ಮೈಮೇಲೆ ಒಂದು ಗಾಯವೂ ಇಲ್ಲ. ಅಣ್ಣನೇ ಕೊಂದನೆಂದು ತಾಯಿ ದೂರುತ್ತಾಳೆ. ಅಲ್ಲವೆಂದು ಗವ್ ಹೇಗೆ ತೋರಿಸಬೇಕು? ಬಲ್ಲವರನ್ನು ಕರೆಸಿ ರಣರಂಗವನ್ನೇ ಕರಿಮರದ ಹಲಗೆಯ ಮೇಲೆ ಮಾಡಿಸುತ್ತಾನೆ. ತೇಗದ್ದೊಂದು ಪಡೆ, ದಂತದ್ದೊಂದು ಪಡೆ. ಆನೆ, ಕುದುರೆಗಳ ಜೊತೆಗೆ ಒಂಟೆಯೂ ಇದೆ. ಮನೆಗಳು 64 ಅಲ್ಲ, 100. ದಾರಿಗಳೆಲ್ಲ ಮುಚ್ಚಿದಾಗ ರಾಜ ಯಾರ ಪೆಟ್ಟೂ ತಾಗದೆ ಸಾಯುತ್ತಾನೆ. ತಾಯಿ ಹಗಲೂ ಇರುಳೂ ಆ ಹಲಗೆಯನ್ನೇ ನೋಡುತ್ತ, ಅಳುತ್ತ, ಹಾಗೆಯೇ ತೀರಿಕೊಳ್ಳುತ್ತಾಳೆ.

ಚೌಗಾನ್, ಅಂದರೆ ಇಂದಿನ ಪೋಲೊ, ಚಿತ್ರಕಾರರಿಗೆ ಇನ್ನೂ ಪ್ರಿಯ. 16ನೇ ಶತಮಾನದಲ್ಲಿ ಶಾಹ್ ತಹ್ಮಾಸ್ಪ್‌ಗಾಗಿ ಸಿದ್ಧವಾದ, 258 ಚಿತ್ರಗಳ ‘ಶಾಹ್‌ನಾಮಾ’ ಪ್ರತಿಯಲ್ಲಿ ಇರಾನಿನ ರಾಜಕುಮಾರ ಸಿಯಾವುಷ್, ತೂರಾನಿನ ದೊರೆ ಅಫ್ರಾಸಿಯಾಬನ ಎದುರು ಚೌಗಾನ್ ಆಡುತ್ತಿದ್ದಾನೆ. ಸುಮ್ಮನೆ ನೋಡುವವರಿಗೆ ಕುದುರೆಗಳ ಓಟ, ಬಣ್ಣದ ಉಡುಪು ಕಾಣುತ್ತವೆ. ಕಾವ್ಯ ಓದಿದವರಿಗೆ ಮುಂದಿನದೂ ಗೊತ್ತು: ಅಫ್ರಾಸಿಯಾಬ್ ಈ ಹುಡುಗನಿಗೆ ಮಗಳನ್ನು ಕೊಟ್ಟು ಮದುವೆ ಮಾಡುತ್ತಾನೆ, ಆಮೇಲೆ ಚಾಡಿಮಾತು ಕೇಳಿ ಅಳಿಯನ ತಲೆ ಕಡಿಸುತ್ತಾನೆ.