ಗುಳಿಗೆಯೂ ಬೇಕು, ಗೌರವವೂ ಬೇಕು

ದರ್ಶನ ಮುಗಿದ ಬಳಿಕವೂ ಕೆಲವು ಭಕ್ತರು ಶ್ರೀಮಠದ ಕಚೇರಿಯ ಬಾಗಿಲಲ್ಲಿ ನಿಂತಿರುತ್ತಾರೆ. ಮಗನಿಗೋ ಮಗಳಿಗೋ ವರ್ಷಗಳಿಂದ ಮನೋವ್ಯಾಧಿ. ಆಶೀರ್ವಾದ ದೊರೆತ ಮೇಲೆ ಗುಳಿಗೆ ನಿಲ್ಲಿಸಬಹುದೇ ಎಂಬುದು ಅವರ ಪ್ರಶ್ನೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು ಎಂಬುದೊಂದೇ ನಮ್ಮ ಉತ್ತರ.

ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ಕಾಯಿಲೆಗಳನ್ನು ಮಧುಮೇಹದಂತೆ ದೀರ್ಘಕಾಲ ನಿಭಾಯಿಸಬೇಕಾಗುತ್ತದೆ. ವಾಸಿಯಾಯಿತೆಂದು ಅನ್ನಿಸಿದೊಡನೆ ಅನೇಕರು ಔಷಧ ಬಿಡುತ್ತಾರೆ. ಹಾಗೆ ಅನ್ನಿಸುವುದಕ್ಕೆ ಆ ಔಷಧವೇ ಕಾರಣವೆಂಬುದು ಮರೆತುಹೋಗುತ್ತದೆ. ತೂಕ ಏರುವುದು, ಕೈ ನಡುಗುವುದು, ಹಗಲೆಲ್ಲ ಮಂಪರು ಕವಿಯುವುದು ಕೂಡ ಔಷಧ ಬಿಡಲು ಕಾರಣ. ಇದನ್ನು ಸೋಮಾರಿತನವೆಂದು ಜರೆಯುವುದು ಅನ್ಯಾಯ. ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸಬಲ್ಲರು.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದೈವಕೃಪೆಯ ನಿರೀಕ್ಷೆಯಲ್ಲಿ ಬಿಟ್ಟುಹೋಗಿದ್ದ ಮನೋರೋಗಿಗಳು ಸರಪಳಿಯಲ್ಲಿದ್ದಂತೆಯೇ ಬೆಂಕಿಗೆ ಬಲಿಯಾದರು. ಎಲ್ಲ ಧಾರ್ಮಿಕ ಕೇಂದ್ರಗಳೂ ನೆನಪಿಡಬೇಕಾದ ದಿನವದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಅಗತ್ಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸದಾ ದೊರೆಯಬೇಕೆಂದೂ ವಿಧಿಸಿದೆ.

1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೂ ಅದೇ ಸಂಸ್ಥೆಯ 2015-16ರ ರಾಷ್ಟ್ರೀಯ ಸಮೀಕ್ಷೆಯು, ಬಹುತೇಕ ಮನೋರೋಗಗಳಲ್ಲಿ ಶೇ. 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದು ಕಂಡುಕೊಂಡಿತು. ಒಂದು ತಿಂಗಳ ಗುಳಿಗೆಗಾಗಿ ರೋಗಿ ಮತ್ತು ಜೊತೆಗಾರ ಇಬ್ಬರೂ ದಿನಗೂಲಿ ಕಳೆದುಕೊಂಡು ಪಟ್ಟಣಕ್ಕೆ ಹೋಗಬೇಕಾದರೆ, ಕಾಯ್ದೆಯ ಅಕ್ಷರ ಮನೆಬಾಗಿಲಿಗೆ ತಲುಪಿಲ್ಲವೆಂದೇ ಅರ್ಥ. ತಾಲ್ಲೂಕು ಮಟ್ಟದಲ್ಲಿ ಔಷಧ ತಪ್ಪದೆ ಸಿಗಬೇಕೆಂದು ನಾವು ಒಕ್ಕೊರಲಿನಿಂದ ಕೇಳಬೇಕು.

ಉಳಿದುದು ನಮ್ಮ ಕೈಯಲ್ಲೇ ಇದೆ. ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಕಾಯಿಲೆ ಮುಚ್ಚಿಟ್ಟು ಮತ್ತೊಂದು ಮನೆಯ ಮಗಳನ್ನು ತರುವುದು ಇಬ್ಬರಿಗೂ ಬಗೆಯುವ ದ್ರೋಹ. ಹೊತ್ತಿಗೆ ಸರಿಯಾಗಿ ನಿದ್ರೆ, ಊಟ, ಗುಳಿಗೆ; ಶಕ್ತಿಯಿದ್ದಷ್ಟು ಕೆಲಸ; ಪ್ರಸಾದದ ಪಂಕ್ತಿಯಲ್ಲಿ ಎಲ್ಲರೊಡನೆ ಒಂದು ಸ್ಥಾನ: ದಿನವೊಂದನ್ನು ದಾಟಲು ಇವು ಆಧಾರ. ಕಾಯಕವೆಂದರೆ ಗಳಿಕೆಯ ಲೆಕ್ಕವಷ್ಟೇ ಅಲ್ಲ. ದಾಸೋಹಕ್ಕೆ ತರಕಾರಿ ಹೆಚ್ಚಿಕೊಡುವ ಕೈಯೂ ಕಾಯಕದ ಕೈಯೇ. ಆರೈಕೆ ಮಾಡಿ ದಣಿದ ತಾಯಿಗೂ ಒಂದು ದಿನದ ಬಿಡುವು ಬೇಕು. ನೆರೆಯವರು ಅದನ್ನು ಕೊಡಬಲ್ಲರು.

ಸಲಹೆ ಬೇಕಾದವರು ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಶ್ರೀಮಠಕ್ಕೆ ಬನ್ನಿ, ಬರುವಾಗ ಆ ದಿನದ ಗುಳಿಗೆಯನ್ನೂ ಮರೆಯದೆ ತನ್ನಿ.



– ಕಾರ್ಯದರ್ಶಿ, ಶ್ರೀಮಠ